ಗಂಡನ ಹೆಸರು ಕೇಳಿದ ದಿನ

ಇಂಥದನ್ನು ಬೇರೆ ಯಾರಾದರೂ ಹೇಳಿದ್ದರೆ ಮೊದಲು ನಗುತ್ತಿದ್ದವನು ನಾನೇ. ನಮ್ಮ ಅವ್ವ ಸಾಯುವತನಕ ಅಪ್ಪನ ಹೆಸರು ಹೇಳಲಿಲ್ಲ. ಯಾರಾದರೂ ಕೇಳಿದರೆ ನನ್ನ ಕಡೆ ಬೆರಳು ಮಾಡಿ ‘ಇವರಪ್ಪ’ ಎನ್ನುತ್ತಿದ್ದಳು. ಹೆಂಡತಿಯಾದವಳು ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದಂತೆ. ‘ಹಂಗಾದ್ರ ಜನಗಣತಿ ಮುಗಿಯೂದ್ರಾಗ ಊರಾಗ ಒಬ್ಬ ಗಂಡಸೂ ಉಳೀತಿದ್ದಿಲ್ಲ ಬಿಡಬೇ’ ಎಂದು ಕಾಡಿಸುತ್ತಿದ್ದೆ. ಓದಿದವನೆಂಬ ಸೊಕ್ಕು. ಆ ಸೊಕ್ಕು ಇಳಿದದ್ದು ಹುಬ್ಬಳ್ಳಿಯ ಒಂದು ದೊಡ್ಡ ದವಾಖಾನೆಯಲ್ಲಿ, ಮಟಮಟ ಮಧ್ಯಾಹ್ನ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಖೋಲಿ ಹಿಡಿದು ಎಂ.ಎ. ಓದುತ್ತಿದ್ದೆ. ನಮ್ಮ ದವಾಖಾನೆಗಳು ಹೇಗೆ ನಡೆಯುತ್ತವೆ ಎಂದು ಕಲಿಯಲು ಯುರೋಪಿನಿಂದ ಎಲ್ಸಾ ಎಂಬ ವಿದ್ಯಾರ್ಥಿನಿ ಬಂದಿದ್ದಳು. ಅವಳಿಗೆ ಕನ್ನಡ ಬಾರದು, ಹಾಗಾಗಿ ಮೂರು ವಾರ ದುಭಾಷಿಯಾಗಿ ನಾನು ಜೊತೆಗಿದ್ದೆ. ಅವರ ದೇಶದಲ್ಲಿ ರೋಗಿ ಒಬ್ಬನೇ ಹೋಗಿ ದಾಖಲಾಗುತ್ತಾನಂತೆ. ನಮ್ಮಲ್ಲಿ ಒಬ್ಬ ಮಲಗಿದರೆ ನಾಲ್ಕು ಮಂದಿ ಚಾಪೆ, ಬುತ್ತಿ ಹಿಡಿದು ಬರುವುದು ಅವಳಿಗೆ ದೊಡ್ಡ ಸೋಜಿಗ. ಅದಕ್ಕೇ ಕಾಯುತ್ತ ಕೂತವರನ್ನು ಮಾತನಾಡಿಸಿ ಫಾರ್ಮು ತುಂಬುತ್ತಿದ್ದಳು. ರೋಗಿಯ ಹೆಸರೇನು, ನಿಮಗೆ ಏನಾಗಬೇಕು, ಯಾವಾಗಿನಿಂದ ಕಾಯುತ್ತಿದ್ದೀರಿ, ಇಷ್ಟೇ. ತನ್ನ ಕಿವಿಗೆ ಬಿದ್ದಂತೆ ಅವಳು ಇಂಗ್ಲಿಷಿನಲ್ಲಿ ಒಂದು ಫಾರ್ಮು ಬರೆದರೆ ನಾನು ಕನ್ನಡದಲ್ಲಿ ಇನ್ನೊಂದು ಬರೆಯುತ್ತಿದ್ದೆ. ಪ್ರತಿ ಉತ್ತರದ ಮುಂದೆ ಗಡಿಯಾರ ನೋಡಿ ಟೈಮು ಹಾಕುವುದು ಅವಳ ಚಟ.

ಅವತ್ತು ಆಪರೇಶನ್ ಕೋಣೆಯ ಹೊರಗೆ ಮುಗದ ಊರಿನ ನೀಲವ್ವ ನೆಲದ ಮೇಲೆ ಕೂತಿದ್ದಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಕರುಳು ತೂತಾಗಿ ಅವಳ ಗಂಡನನ್ನು ಬೆಳಿಗ್ಗೆ ಒಳಗೆ ಒಯ್ದಿದ್ದರು. ಮೈದುನ ಔಷಧ ತರಲು ಹೋಗಿದ್ದ. ನಾವು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ಹೆಸರೊಂದನ್ನು ಬಿಟ್ಟು.

‘ನಮ್ಮ ಮೈದುನ ಬರ್ತಾನ್ರಿ, ಅವನ್ನ ಕೇಳ್ರಿ.’

ಕಾಯಬಹುದಿತ್ತು. ನನಗೆ ಹೊಟ್ಟೆ ಹಸಿದಿತ್ತು. ಮೇಲಾಗಿ ಪರದೇಶದ ಹುಡುಗಿಯ ಮುಂದೆ ನಮ್ಮವರ ಮೂಢನಂಬಿಕೆಯದೊಂದು ನಾಚಿಕೆ. ‘ಹೆಸರ ಹೇಳಿದ್ರ ಏನಾಗ್ತೈತ್ರಿ? ಲಗ್ನದಾಗ ಒಡಪು ಹಾಕಿ ಹೇಳಿರಿಲ್ಲೋ?’ ಎಂದೆ. ಮದುವೆಮನೆಯಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನು ಪ್ರಾಸದ ಮಾತಿಗೆ ಸೇರಿಸಿ ಹೇಳುವುದು ನಮ್ಮ ಕಡೆಯ ರೂಢಿ.

‘ಅದು ಲಗ್ನದ ಮನಿರಿ,’ ಎಂದಳು ನೀಲವ್ವ. ‘ಇದು ದವಾಖಾನಿ.’

ಅಲ್ಲಿಗೇ ನಾನು ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಹೆಸರಿಲ್ಲದಿದ್ದರೆ ಬರೆದದ್ದೆಲ್ಲ ವ್ಯರ್ಥ ಎಂದೆ. ‘ಒಮ್ಮೆ ಹೇಳಿಬಿಡ್ರಿ, ಯಾರೂ ಸಾಯೂದಿಲ್ಲ’ ಎಂದೂ ಅಂದೆ. ಅಂದು, ಪೆನ್ನು ಹಿಡಿದು ತಲೆ ಬಗ್ಗಿಸಿದೆ.

ಆಗ ಕೇಳಿಸಿತು: ‘ತಿಪ್ಯಾ.’

ಹೆಣ್ಣುದನಿ. ಊಟಕ್ಕೆ ಬಾ ಎಂದು ಬಾಗಿಲಲ್ಲಿ ನಿಂತು ಮಗನನ್ನು ಕೂಗುವ ಹಾಗಿತ್ತು. ನೀಲವ್ವ ಕೂತ ಕಡೆಯಿಂದಲೇ ಬಂತು. ನಾನು ಮರ್ಯಾದೆಗೆಂದು ‘ತಿಪ್ಪಣ್ಣ’ ಎಂದು ಬರೆದುಕೊಂಡೆ. ಎಲ್ಸಾ ಗಡಿಯಾರ ನೋಡಿ ಹನ್ನೆರಡು ನಲವತ್ತು ಎಂದು ಟೈಮು ಹಾಕಿದಳು. ನಾನು ತಲೆ ಎತ್ತಿದಾಗ ನೀಲವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು.

ಮೈದುನ ಔಷಧದ ಚೀಲ ಹಿಡಿದು ಓಡಿ ಬರುವುದಕ್ಕೂ ಆ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಡಾಕ್ಟರು ಅವನ ಹೆಗಲ ಮೇಲೆ ಕೈ ಇಟ್ಟರು. ಹನ್ನೆರಡು ನಲವತ್ತಕ್ಕೆ ಜೀವ ಹೋಯಿತೆಂದರು. ನೀಲವ್ವ ಅಳಲಿಲ್ಲ. ನನ್ನನ್ನು ನೋಡಿದಳು. ಅವಳ ಮುಂದೆ ನಿಲ್ಲಲಾರದೆ ನಾನು ಮೆಟ್ಟಿಲಿಳಿದು ಹೋಗಿಬಿಟ್ಟೆ.

ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ, ಎಂದು ನನಗೆ ನಾನೇ ಹೇಳಿಕೊಂಡೆ. ಎಲ್ಸಾ ತನ್ನ ಫಾರ್ಮುಗಳ ಝೆರಾಕ್ಸ್ ನನ್ನ ಕೈಗೆ ಕೊಟ್ಟು ತನ್ನ ದೇಶಕ್ಕೆ ಹೋದಳು. ಅದಾದ ಎಂಟು ದಿನಕ್ಕೆ ನೀಲವ್ವನ ಮೈದುನ ದವಾಖಾನೆಯಲ್ಲಿ ನನ್ನ ವಿಳಾಸ ಕೇಳಿಕೊಂಡು ಖೋಲಿಗೆ ಬಂದ.

‘ನಮ್ಮ ಅತ್ತಿಗಿ ರೊಟ್ಟಿ ಮುಟ್ಟವಲ್ಲಳ್ರಿ. ನಾನ ಹೆಸರ ಹೇಳಿ ಕೊಂದೆ ಅಂತಾಳ. ಹೇಳಿದ್ದು ಖರೇನೋ ಸುಳ್ಳೋ, ಅದೂ ಆಕಿಗೆ ನೆನಪಿಲ್ಲ. ನೀವ ಬಂದು ಹೇಳ್ರಿ.’

ಫಾರ್ಮುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ‘ನೀವು ಹೇಳಲೇ ಇಲ್ಲ’ ಎಂಬ ಸುಳ್ಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಮುಗದದಲ್ಲಿ ನೀಲವ್ವ ಗೋಡೆಗೆ ಒರಗಿ ಕೂತಿದ್ದಳು. ಕೈಗಳು ಕಡ್ಡಿಯಾಗಿದ್ದವು.

‘ನಾ ಅವರ ಹೆಸರ ಹೇಳಿದ್ನೇನ್ರಿ?’ ಅಷ್ಟೇ ಕೇಳಿದಳು.

ಸುಳ್ಳು ಬಾಯಿಗೆ ಬರಲಿಲ್ಲ. ‘ಹೇಳಿದಂಗ ಕೇಳಿಸ್ತ್ರಿ. ತಿಪ್ಪಣ್ಣ ಅಂತ ಬರಕೊಂಡೇನಿ’ ಎಂದೆ.

‘ತಿಪ್ಪಣ್ಣ ಯಾರ್ರಿ?’ ಎಂದ ಮೈದುನ. ‘ನಮ್ಮಣ್ಣನ ಹೆಸರು ಚನ್ನಬಸಪ್ಪ.’

ಎಲ್ಸಾಳ ಫಾರ್ಮು ತೆಗೆದೆ. ಅವಳಿಗೆ ನಮ್ಮ ಮರ್ಯಾದೆಯ ಗೊಡವೆ ಇರಲಿಲ್ಲ, ಕೇಳಿದ್ದನ್ನು ಕೇಳಿದ ಹಾಗೇ ಬರೆದಿದ್ದಳು. ‘ತಿಪ್ಯಾ’ ಎಂದು ಓದಿದೆ.

ಮೈದುನ ಕಂಬ ಹಿಡಿದುಕೊಂಡು ಕೂತುಬಿಟ್ಟ. ‘ಅದು ನಮ್ಮವ್ವ ಕರಿಯೂ ಹೆಸರ್ರಿ,’ ಎಂದ. ಮೊದಲ ಎರಡು ಕೂಸು ಉಳಿಯಲಿಲ್ಲವಂತೆ. ಮೂರನೆಯದನ್ನಾದರೂ ಸಾವು ಬೇಡವೆಂದು ಬಿಟ್ಟು ಹೋಗಲಿ ಎಂದು ತಾಯಿ ಅದನ್ನು ತಿಪ್ಪೆಯ ಮೇಲೆ ಉರುಳಿಸಿ ಆ ಹೆಸರಿಟ್ಟಿದ್ದಳು. ಶಾಲೆಗೆ ಹಚ್ಚುವಾಗ ಚನ್ನಬಸಪ್ಪ ಎಂದು ಬರೆಸಿದರು. ತಾಯಿ ಮಾತ್ರ ಕೊನೆತನಕ ತಿಪ್ಯಾ ಎಂದೇ ಕರೆದಳು. ‘ಅತ್ತಿಗಿ ಈ ಮನಿಗೆ ಬರೂಕಿಂತ ಮೊದಲ ಅವ್ವ ತೀರಿಕೊಂಡ್ಲು. ಆಮ್ಯಾಲೆ ಯಾರೂ ಹಂಗ ಕರದಿಲ್ರಿ.’

ನೀಲವ್ವ ಗೋಡೆ ಬಿಟ್ಟು ನೆಟ್ಟಗೆ ಕೂತಳು. ಆಮೇಲೆ, ‘ಗಂಡಗ ಯಾರರ ತಿಪ್ಯಾ ಅಂತಾರೇನ್ರಿ? ನಾ ಅಲ್ಲ. ಅತ್ತಿ ಬಂದು ಮಗನ್ನ ಕರಕೊಂಡು ಹೋದ್ಲು’ ಎಂದಳು. ಆಗ ಅಳು ಬಂತು. ಅತ್ತು ಮುಗಿಸಿದ ಮೇಲೆ ಮೈದುನ ತಾಟು ತಂದಿಟ್ಟ. ರೊಟ್ಟಿ ಮುರಿದಳು.

ಇದಾಗಿ ಎಷ್ಟೋ ವರ್ಷವಾಯಿತು, ನನಗೆ ಇಂದಿಗೂ ಬಗೆಹರಿದಿಲ್ಲ. ಗಂಡ ಎಂದೋ ನಗುತ್ತ ತನ್ನ ಹಳೆಯ ಹೆಸರನ್ನು ಅವಳಿಗೆ ಹೇಳಿದ್ದಿರಬಹುದು. ನಾನು ಬೆನ್ನು ಹತ್ತಿದಾಗ, ಖರೆ ಹೆಸರನ್ನು ಕಾಯಲು ಅವಳು ಅದನ್ನು ಮುಂದೆ ಮಾಡಿದ್ದಿರಬಹುದು. ಆದರೆ ಅವಳು ತುಟಿ ತೆರೆದದ್ದನ್ನು ನಾನು ನೋಡಿಲ್ಲ. ಎಲ್ಸಾಳ ಕಣ್ಣು ಗಡಿಯಾರದ ಮೇಲಿತ್ತು. ಮತ್ತು ಆ ದನಿ ಹೆಂಡತಿಯ ದನಿಯಂತಿರಲಿಲ್ಲ.

‘ಈ ಹೆಸರ ನಿಮಗ ಮೊದಲ ಗೊತ್ತಿತ್ತೇನ್ರಿ?’ ಎಂಬ ಪ್ರಶ್ನೆ ಅವತ್ತು ಮುಗದದಲ್ಲಿ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನೀಲವ್ವನ ಕೈಯಲ್ಲಿ ಆಗಷ್ಟೇ ಮುರಿದ ರೊಟ್ಟಿ ಇತ್ತು. ನಾನು ಕೇಳಲಿಲ್ಲ.