ಕಾಗದದ ಬಿಲ್ಲೆ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಬೂಷ್ಟಕ್ಕ ಅನ್ನುತ್ತಾರೆ. ಬ್ರೆಡ್ಡಿನ ಮೇಲೆ ಬೂಷ್ಟು ಕಂಡರೆ ಬೇರೆಯವರು ಮೂಗು ಮುಚ್ಚಿಕೊಂಡು ಎಸೆಯುತ್ತಾರೆ. ಇವಳು ಹನ್ನೊಂದು ವರ್ಷದಿಂದ ಅದನ್ನೇ ಸಾಕುತ್ತಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ, ಹದವಾದ ಶಾಖ, ಮೇಲೊಂದು ಮುಚ್ಚಳ. ಸ್ವಂತ ಮಗಳಿಗೆ ಇಷ್ಟು ಹೊತ್ತುಹೊತ್ತಿಗೆ ಉಣ್ಣಿಸಿದ್ದುಂಟೇ ಎಂದು ಅವಳಿಗೇ ಅನುಮಾನ. ಮಗಳಿಗೆ ಎರಡು ವರ್ಷ. ಗಂಡನದು ಪಾಳಿ ಕೆಲಸ, ಅವನು ಮನೆಗೆ ಬರುವ ಹೊತ್ತಿಗೆ ಇವಳು ಬಸ್ಸಿನಲ್ಲಿರುತ್ತಾಳೆ. ಮಗುವನ್ನು ನೋಡಿಕೊಳ್ಳುವವರು ಅತ್ತೆ.

ಅವಳು ಸಾಕುವ ಬೂಷ್ಟು ಬ್ರೆಡ್ಡಿನದಲ್ಲ, ಮನುಷ್ಯರ ಚರ್ಮದ್ದು. ಗಜಕರ್ಣ, ಹುಳುಕಡ್ಡಿ ಎಂದು ಜನ ಕರೆಯುವ ದುಂಡನೆಯ ತುರಿಕೆ ಇದೆಯಲ್ಲ, ಅದರ ಮೂಲ. ಆಮೆಗಿಂತ ನಿಧಾನ. ಹತ್ತು ಹದಿನಾಲ್ಕು ದಿನ ಕಾದರೆ ತಟ್ಟೆಯ ತುಂಬ ಬಿಳಿ ಹತ್ತಿಯ ಹಾಗೆ ಹರಡುತ್ತದೆ. ಅದನ್ನು ಹಿಡಿಯುವ ಕಾವಲುಗಾರನನ್ನು ತಯಾರಿಸುವುದು ಅಲ್ಲಿಯವರ ಕೆಲಸ. ನಮ್ಮೆಲ್ಲರ ಚರ್ಮದ ಮೇಲೆ ಸುಮ್ಮನೆ ಬಿದ್ದಿರುವ ಒಂದು ಬಡಪಾಯಿ ಸೂಕ್ಷ್ಮಜೀವಿಯನ್ನು ತಂದು, ಅದರೊಳಗೆ ಹೊಸದೊಂದು ಜೀನು ಕೂರಿಸಿದ್ದರು. ಬೂಷ್ಟಿನ ವಾಸನೆ ಬಡಿದರೆ ಮಾತ್ರ ಅದು ಮದ್ದು ಸುರಿಸಬೇಕು, ಬೂಷ್ಟು ಸತ್ತ ಮೇಲೆ ತೆಪ್ಪಗಿರಬೇಕು. ಒಳ್ಳೆಯ ಚರ್ಮದ ತಂಟೆಗೆ ಹೋಗಬಾರದು.

ಆ ಕೊನೆಯ ಮಾತಿನ ಬೆಲೆ ಬೂಷ್ಟಕ್ಕನಿಗೆ ತಿಳಿದಷ್ಟು ಅಲ್ಲಿ ಇನ್ನಾರಿಗೂ ತಿಳಿದಿರಲಿಲ್ಲ. ಅತ್ತೆ ಇಪ್ಪತ್ತಾರು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದವರು. ಸೊಂಟದ ಒದ್ದೆ ಆರಿದ್ದೇ ಇಲ್ಲ. ಅಲ್ಲಿ ಹತ್ತಿದ ಹುಳುಕಡ್ಡಿಗೆ ಮೆಡಿಕಲ್ ಶಾಪಿನವನು ಕೊಟ್ಟ ಟ್ಯೂಬು ಹಚ್ಚಿದರು. ಮೂರೇ ದಿನದಲ್ಲಿ ತುರಿಕೆ ಮಂಗಮಾಯ. ಬಿಟ್ಟರೆ ಮತ್ತೆ ಬಂತು, ಮತ್ತೆ ಹಚ್ಚಿದರು. ಹೀಗೆ ನಾಲ್ಕು ವರ್ಷ. ಟ್ಯೂಬಿನೊಳಗೆ ಸ್ಟೀರಾಯ್ಡ್ ಬೆರೆಸಿತ್ತು. ಅದು ತುರಿಕೆಯ ಬಾಯಿ ಮುಚ್ಚಿಸಿತು, ಬೂಷ್ಟಿಗೆ ಒಳಗೊಳಗೇ ದಾರಿ ಬಿಟ್ಟಿತು. ಸೊಂಟದ ಚರ್ಮ ಈರುಳ್ಳಿ ಸಿಪ್ಪೆಯಾಗಿತ್ತು. ಸೀರೆಯ ಗಂಟು ಒತ್ತಿದರೂ ರಕ್ತ ಜಿನುಗುತ್ತಿತ್ತು. ಈಗ ಚರ್ಮದ ಡಾಕ್ಟರು ಸರಿಯಾದ ಮುಲಾಮು ಬರೆದುಕೊಟ್ಟಿದ್ದರು. ಬೆನ್ನಿಗೆ ಕೈ ಎಟುಕುವುದಿಲ್ಲವೆಂದು ದಿನಾ ಬೆಳಿಗ್ಗೆ ಸೊಸೆಯೇ ಹಚ್ಚಬೇಕು.

"ಮೆತ್ತಗೆ ಹಚ್ಚೇ. ನಾನೇನು ನಿನ್ನ ಗಾಜಿನ ತಟ್ಟೆನಾ?"

"ತಟ್ಟೆ ಆಗಿದ್ರೆ ಇಷ್ಟು ಮಾತಾಡ್ತಿರ್ಲಿಲ್ಲ ಅತ್ತೆ."

"ಅಲ್ಲಿ ಬೂಷ್ಟು ಬೆಳೆಸ್ತೀಯ, ಇಲ್ಲಿ ಬೂಷ್ಟು ಕೊಲ್ತೀಯ. ಒಂದು ಕಡೆ ನಿಂತ್ಕೊಳ್ಳೇ ತಾಯಿ!"

ನಗಲು ಕೂಡ ಶಕ್ತಿ ಬೇಕು. ಅವಳು ಕೈಯನ್ನು ಹಳೆ ಟವೆಲ್ಲಿಗೆ ಒರೆಸಿಕೊಂಡು, ಮಗುವಿನ ಕಣ್ಣು ತಪ್ಪಿಸಿ, ಚಪ್ಪಲಿ ಮೆಟ್ಟಿ ಓಡುವಳು.

ಆ ತಿಂಗಳು ಯೋಜನೆಯ ಹಣೆಬರಹ ಬರೆಯುವ ತಿಂಗಳಾಗಿತ್ತು. ಹೊರಗಿನಿಂದ ಪರಿಶೀಲನೆಯವರು ಬರುವವರಿದ್ದರು. ಕಾವಲುಗಾರ ತಟ್ಟೆಯಲ್ಲಿ ಗೆದ್ದರೆ ಮುಂದಿನ ಹೆಜ್ಜೆ. ಆಪರೇಷನ್ನಿನಲ್ಲಿ ತೆಗೆದು ದಾನವಾಗಿ ಕೊಟ್ಟ ಚರ್ಮದ ತುಂಡುಗಳ ಮೇಲೆ ಪರೀಕ್ಷೆ. ಸೋತರೆ ಬಾಗಿಲಿಗೆ ಬೀಗ. ಬೂಷ್ಟಕ್ಕನ ಕೆಲಸವೂ ಅಲ್ಲಿಗೇ ಮುಗಿಯಿತು.

ಪರೀಕ್ಷೆಯ ರೀತಿ ಸರಳ. ತಟ್ಟೆಯ ತುಂಬ ಬೂಷ್ಟಿನ ಬೀಜ ಸವರಿ, ನಡುವೆ ಕಾಗದದ ಪುಟ್ಟ ಬಿಲ್ಲೆಯಿಟ್ಟು, ಬಿಲ್ಲೆಯ ಮೇಲೆ ಕಾವಲುಗಾರನ ಒಂದು ಹನಿ. ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಬೂಷ್ಟು ಹತ್ತಿರ ಬರದೆ ಬೋಳು ಉಂಗುರ ಉಳಿಯುತ್ತದೆ. ಜೊತೆಗೆ ಮೂರು ತಟ್ಟೆಗಳಲ್ಲಿ ಏನೂ ಹಾಕದ ಬರಿ ಬಿಲ್ಲೆ. ಅವುಗಳ ಮೇಲೆ ಬೂಷ್ಟು ಹತ್ತಿ ಕುಳಿತುಕೊಳ್ಳಲೇಬೇಕು. ಕುಳಿತರೆ ತಾನೇ ಪಕ್ಕದ ಉಂಗುರ ಕಾವಲುಗಾರನದೇ ಎಂದು ನಂಬುವುದು.

ಬಿಲ್ಲೆಗಳನ್ನು ಅವಳೇ ತಯಾರಿಸುವಳು. ಸೋಸುವ ಕಾಗದ, ಆಫೀಸಿನಲ್ಲಿ ಫೈಲಿಗೆ ತೂತು ಹೊಡೆಯುವ ಪಂಚಿಂಗ್ ಮಷಿನ್, ಟಕ್ ಟಕ್. ಬರಿಗೈಯಲ್ಲೇ. ಆಮೇಲೆ ಆಟೋಕ್ಲೇವಿನಲ್ಲಿ, ಅಂದರೆ ಆಳೆತ್ತರದ ಕುಕ್ಕರಿನಲ್ಲಿ, ಹಬೆಗೆ ಬೇಯಿಸಿದರೆ ಯಾವ ಕ್ರಿಮಿಯೂ ಉಳಿಯದು. "ಹೇಗಿದ್ರೂ ಬೇಯುತ್ತಲ್ಲ" ಎನ್ನುವುದು ಅಲ್ಲಿ ಎಲ್ಲರ ಬಾಯಿಮಾತು.

ಹದಿನಾಲ್ಕನೆಯ ದಿನ ಬೆಚ್ಚಗಿನ ಪೆಟ್ಟಿಗೆ ತೆರೆದಾಗ ಉದ್ದಣ್ಣ ಕುಣಿದೇಬಿಟ್ಟ. ಉದ್ದಣ್ಣ ಅಂದರೆ ಆ ಜೀನು ಕೂರಿಸಿದ ಸಂಶೋಧಕ. ಬಾಗಿಲಿನ ಚೌಕಟ್ಟಿಗೆ ದಿನಕ್ಕೊಮ್ಮೆ ಹಣೆ ಬಡಿಸಿಕೊಳ್ಳುವಷ್ಟು ಎತ್ತರ, ಮದುವೆಯನ್ನೂ ಮುಂದೂಡಿ ಐದು ವರ್ಷ ಇದರಲ್ಲೇ ಮುಳುಗಿದವನು.

"ಅಕ್ಕಾ, ಹದಿನಾಲ್ಕು ಮಿಲಿಮೀಟರು! ಇಷ್ಟು ದೊಡ್ಡ ಉಂಗುರ ಯಾವತ್ತಾದ್ರೂ ಬಂದಿತ್ತಾ?"

"ಇಲ್ಲ," ಅಂದಳು. ಅವಳ ಕಣ್ಣು ಬರಿ ಬಿಲ್ಲೆಯ ತಟ್ಟೆಗಳ ಮೇಲಿತ್ತು. ಒಂದರಲ್ಲಿ ಬೂಷ್ಟು ಬಿಲ್ಲೆ ಹತ್ತಿ ಕುಳಿತಿತ್ತು. ಇನ್ನೊಂದರಲ್ಲಿ ಬಿಲ್ಲೆಯ ಅಂಚು ಮಾಸಲಾಗಿ ಬೋಳು. ಮೂರನೆಯದರಲ್ಲಿ ಅಚ್ಚುಕಟ್ಟಾದ ಉಂಗುರ. ಏನೂ ಹಾಕದ ಬಿಲ್ಲೆಗೆ ಉಂಗುರ ತೊಡಿಸಿದವರು ಯಾರು?

"ಕೆಲವು ಸಲ ಹೀಗಾಗುತ್ತೆ ಅಕ್ಕ, ಬೀಜ ಸರಿಯಾಗಿ ಹರಡಿರಲ್ಲ," ಎಂದು ಅವನು ಫೋಟೋ ತೆಗೆಯತೊಡಗಿದ.

ಹನ್ನೊಂದು ವರ್ಷದಲ್ಲಿ ಅವಳ ಕೈ ಬೀಜ ಸವರುವುದರಲ್ಲಿ ತಪ್ಪಿದ್ದಿಲ್ಲ. ಮನೆಗೆ ಬಂದರೂ ಅದೇ ಕೊರೆತ. ಮರುದಿನ ಬೆಳಿಗ್ಗೆ ಮುಲಾಮು ಹಚ್ಚಿ ಏಳುವಾಗ ಅತ್ತೆ ತಮ್ಮ ಕನ್ನಡಕ ಎತ್ತಿ ಬೆಳಕಿಗೆ ಹಿಡಿದರು.

"ನೋಡಿಲ್ಲಿ, ನಿನ್ನೆ ಮುಲಾಮು ಹಚ್ಚಿದ ಮೇಲೆ ನೀನು ಎತ್ತಿಕೊಟ್ಟಿದ್ದು. ಗಾಜಿನ ಮೇಲೆಲ್ಲ ನಿನ್ನ ಐದೂ ಬೆರಳು. ಆ ಜಿಡ್ಡು ಟವೆಲ್ಲಿಗೆಲ್ಲ ಹೋಗಲ್ಲ ಕಣೇ, ಸೋಪು ಹಾಕು."

ಅವಳು ತನ್ನ ಬೆರಳುಗಳನ್ನೇ ನೋಡಿಕೊಂಡಳು. ಬಿಲ್ಲೆ ಹೊಡೆದ ದಿನವೂ ಹೀಗೇ ಒರೆಸಿಕೊಂಡು ಓಡಿದ್ದಳು. ಹೋದವಳೇ ಕಾಗದ ಹಿಡಿದು ಕೂತಿದ್ದಳು. ಬೆರಳು ತಾಗಿದ ಬಿಲ್ಲೆಗೆ ಮುಲಾಮು, ತಾಗದ್ದಕ್ಕೆ ಇಲ್ಲ. ಕುಕ್ಕರಿನ ಹಬೆ ಕ್ರಿಮಿಯನ್ನು ಕೊಂದೀತು, ಮದ್ದನ್ನು ಕೊಂದೀತೇ? ಬೂಷ್ಟನ್ನು ಹೆದರಿಸಲು ಆ ಮುಲಾಮು ಚೂರು ತಾಗಿದರೂ ಸಾಕು. ಆ ಹದಿನಾಲ್ಕು ಮಿಲಿಮೀಟರಿನಲ್ಲಿ ಕಾವಲುಗಾರನದೆಷ್ಟು, ಅತ್ತೆಯ ಮುಲಾಮಿನದೆಷ್ಟು, ದೇವರೇ ಬಲ್ಲ.

ಬಸ್ಸಿನಲ್ಲಿ ಕಂಬಿಗೆ ತಲೆಯಾನಿಸಿ ನಿಂತಳು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಹೇಳಿದರೆ ಮತ್ತೆ ಹದಿನಾಲ್ಕು ದಿನ ಬೇಕು. ಪರಿಶೀಲನೆಗೆ ಇರುವುದು ನಾಲ್ಕು ದಿನ. ಇಡೀ ಯೋಜನೆ ಅವಳ ಬೆರಳ ತುದಿಯಿಂದಲೇ ಮುಳುಗೀತು. ಇಳಿಯುವ ನಿಲ್ದಾಣ ದಾಟಿಹೋಯಿತು. ಒಂದು ಸ್ಟಾಪು ಹಿಂದಕ್ಕೆ ನಡೆದು ಬಂದಳು.

ಉದ್ದಣ್ಣನಿಗೆ ಮೊದಲು ಹೇಳಿದಳು. ಅವನ ಮುಖ ಬಾಡಿತು.

"ಒಂದು ತಟ್ಟೆ ಸರಿ ಇದೆಯಲ್ಲ ಅಕ್ಕ? ಅದನ್ನ ತೋರ್ಸೋಣ. ಆಮೇಲೆ ನಾವು ನಾವೇ ಮತ್ತೆ ಮಾಡಿ ನೋಡ್ಕೊಳ್ಳೋಣ. ಮೋಸ ಅಲ್ಲ, ಸ್ವಲ್ಪ ಹಿಂದೆ ಮುಂದೆ ಅಷ್ಟೆ."

"ಆಮೇಲೆ ಚಿಕ್ಕ ಉಂಗುರ ಬಂದ್ರೆ? ಉಂಗುರನೇ ಬರದಿದ್ರೆ?"

"ನಿಮಗೂ ಮನೆ ಮಗು ಇದೆ ಅಕ್ಕ. ಕೆಲಸ ಹೋದ್ರೆ ಏನ್ಮಾಡ್ತೀರ?"

"ಗೊತ್ತಿಲ್ಲಪ್ಪ. ಆದ್ರೆ ನಮ್ಮತ್ತೆ ಸೊಂಟ ನಾನು ದಿನಾ ನೋಡ್ತೀನಿ. ಅವ್ರಿಗೂ ಮೂರು ದಿನ ಚೆನ್ನಾಗೇ ಕಾಣಿಸಿತ್ತು."

ಅವನು ತಡೆಯಲಿಲ್ಲ.

ಮೇಡಂ, ಅಂದರೆ ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲ ಕೇಳಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಬೈದಿದ್ದರೆ ವಾಸಿಯಿತ್ತು.

"ಎಷ್ಟು ಬಿಲ್ಲೆ?"

"ಆ ಡಬ್ಬಿದು ಎಲ್ಲಾನೂ ಮೇಡಂ. ಇನ್ನೂರು."

"ಬರಿಗೈಯಲ್ಲಿ ಹೊಡೀಬೇಡಿ ಅಂತ ನಾನೂ ಯಾವತ್ತೂ ಹೇಳಿರ್ಲಿಲ್ಲ." ಕನ್ನಡಕ ಮತ್ತೆ ಹಾಕಿಕೊಂಡರು. "ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ನೀವು ಇವತ್ತೇ ಹೊಸದು ಶುರು ಮಾಡಿ. ಬಿಡ್ತಾರೋ ಮುಚ್ಚಿಸ್ತಾರೋ, ತಟ್ಟೆಯಂತೂ ತಯಾರಿರ್ಲಿ."

ಪರಿಶೀಲನೆಯವರು ಬಂದರು, ಕೇಳಿದರು, ತಲೆಯಾಡಿಸಿದರು. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಒಬ್ಬರು, "ಇಷ್ಟು ವರ್ಷದ ಉಂಗುರಗಳಿಗೂ ಇದೇ ಕಥೆಯೋ?" ಎಂದು ಕೇಳಿದ್ದು ಮಾತ್ರ ಬಾಗಿಲ ಬಳಿ ನಿಂತಿದ್ದ ಬೂಷ್ಟಕ್ಕನಿಗೆ ಮುಳ್ಳಿನಂತೆ ನಾಟಿತು. ಆ ಮುಲಾಮು ಮನೆಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಮೇಡಂ ಅದನ್ನೂ ಹೇಳಿದರು. ಪರಿಶೀಲನೆಯವರು ಆರು ವಾರ ಕೊಟ್ಟರು. ಮೂರು ಸಲ ಮಾಡಿ ಮೂರೂ ಸಲ ಒಂದೇ ಉತ್ತರ ಬರಬೇಕು.

ಆರು ವಾರ ಅವಳು ಅತ್ತೆಯ ಬೆನ್ನು ಮುಟ್ಟಲಿಲ್ಲ. ಪಾಳಿ ಮುಗಿಸಿ ಬಂದ ಮಗನೇ, ಕಣ್ಣು ಎಳೆಯುತ್ತಿದ್ದರೂ, ತಾಯಿಗೆ ಮುಲಾಮು ಹಚ್ಚಿದ. "ಇವನು ಗೋಡೆಗೆ ಸುಣ್ಣ ಬಳಿದ ಹಾಗೆ ಬಳೀತಾನೆ," ಎಂದು ಅತ್ತೆಯ ದೂರು. ಬೂಷ್ಟಕ್ಕ ಗ್ಲೌಸು ತೊಟ್ಟು ಹೊಸ ಬಿಲ್ಲೆ ಹೊಡೆದಳು, ಚಿಮಟದಲ್ಲೇ ಎತ್ತಿದಳು, ಕಾದಳು. ಕಾಯುವುದೇ ಕೆಲಸ, ಕಾದು ಕಾದು ಸುಸ್ತು.

ಮೊದಲ ಸಲ ಐದು ಮಿಲಿಮೀಟರು. ಎರಡನೆಯ ಸಲ ಐದು. ಮೂರನೆಯ ಸಲ ನಾಲ್ಕೂವರೆ. ಬರಿ ಬಿಲ್ಲೆಗಳೆಲ್ಲ ಬೂಷ್ಟಿನಡಿ ಮುಚ್ಚಿಹೋಗಿದ್ದವು. ಹದಿನಾಲ್ಕೆಲ್ಲಿ, ಐದೆಲ್ಲಿ! ಆದರೂ ಆ ಐದು ಪೂರ್ತಿ ಕಾವಲುಗಾರನದೇ. ಉದ್ದಣ್ಣ ಈ ಸಲ ಕುಣಿಯಲಿಲ್ಲ. ಸ್ಕೇಲು ಹಿಡಿದು ತಾನೇ ಮತ್ತೊಮ್ಮೆ ಅಳೆದು, "ಇಷ್ಟಾದ್ರೂ ಇದೆಯಲ್ಲ ಅಕ್ಕ," ಎಂದು ಸ್ಟೂಲಿನ ಮೇಲೆ ಕುಸಿದು ಕೂತ.

ಇಷ್ಟು ಬಲ ಸಾಲದು, ಜೀನನ್ನು ಇನ್ನೊಮ್ಮೆ ತಿದ್ದಿ ಬನ್ನಿ, ಚರ್ಮದ ತುಂಡಿನ ಮಾತು ಆಮೇಲೆ ಎಂದು ಪರಿಶೀಲನೆಯವರಿಂದ ಉತ್ತರ ಬಂತು. ಯೋಜನೆಗೆ ಇನ್ನೊಂದು ವರ್ಷ ಸಿಕ್ಕಿತು, ಅಷ್ಟೆ.

ಅಂದು ಸಂಜೆ ಅತ್ತೆ ಮಗುವನ್ನು ಅವಳ ಮಡಿಲಿಗೆ ದಾಟಿಸುತ್ತ ಕೇಳಿದರು: "ಏನಂತೆ ನಿನ್ನ ಕಾವಲುಗಾರ? ನಾನಿರೋದ್ರೊಳಗೆ ಬರ್ತಾನಾ?"

ಸಮಾಧಾನದ ಮಾತು ನಾಲಿಗೆಯವರೆಗೆ ಬಂತು. ಅಲ್ಲೇ ನುಂಗಿಕೊಂಡಳು.

"ಗೊತ್ತಿಲ್ಲ ಅತ್ತೆ. ತುಂಬ ದಿನ ಹಿಡಿಯುತ್ತೆ."

"ಹ್ಞೂಂ," ಎಂದರು ಅತ್ತೆ. ಸೀರೆಯ ಗಂಟನ್ನು ನೋವಿಲ್ಲದ ಕಡೆಗೆ ಸರಿಸಿಕೊಂಡು, "ಮೊದ್ಲು ಉಣ್ಣು. ನಾಳೆನೂ ಬೆಳಿಗ್ಗೆ ಏಳ್ಬೇಕಲ್ಲ," ಎಂದು ತಟ್ಟೆ ತರಲು ಒಳಗೆ ಹೋದರು.