ಪೈಲ್ವಾನನ ಕೈಗೆ ನಾಲ್ಕು ಮಕ್ಕಳು

ಗಣಪತಿ ಮಂಡಳದವರು ಆ ವರ್ಷ ಬಾಡಿಗೆಗೆ ತಂದ ಸಿಡಿಗಳಲ್ಲಿ ಒಂದು ಹೊರದೇಶದ ಸಿನಿಮಾ ಇತ್ತು, ಹಿಂದಿಗೆ ಡಬ್ ಮಾಡಿದ್ದು. ಯಾರಿಗೂ ಹೆದರದ ಒಬ್ಬ ದಾಂಡಿಗನ ಕೈಗೆ ಯಾರದೋ ಮನೆಯ ಪುಂಡ ಮಕ್ಕಳು ಬೀಳುತ್ತಾರೆ. ಕಳ್ಳರನ್ನು ಎತ್ತಿ ಒಗೆಯುವವನು ಮಕ್ಕಳ ಮುಂದೆ ಹಣ್ಣಾಗುತ್ತಾನೆ. ಬಾಗಿಲಿಗೆ ಕಟ್ಟಿದ ದಾರಕ್ಕೆ ಎಡವುತ್ತಾನೆ, ಬೂಟಿನಲ್ಲಿ ಸುರಿದ ಗಂಜಿಯೊಳಗೆ ಕಾಲಿಡುತ್ತಾನೆ. ಊರಿಗೆ ಊರೇ ನಕ್ಕಿತು. ನನ್ನ ಅಣ್ಣ ನಗಲಿಲ್ಲ.

ಅಣ್ಣ ಪೈಲ್ವಾನ. ನಮ್ಮ ಕಡೆ ತಾಲೀಮು ಅನ್ನುವ ಗರಡಿಮನೆಯ ಕೆಂಪು ಮಣ್ಣಿನಲ್ಲಿ ಬೆಳೆದವನು. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಅಲ್ಲಿಗೆ ಸೋತಂತೆ. ನಮ್ಮೂರಲ್ಲಾಗಲಿ ಪಕ್ಕದ ಸೋನ್ಯಾಳದಲ್ಲಾಗಲಿ ಅವನು ಚಿತ್ ಆದದ್ದನ್ನು ಕಂಡವರಿರಲಿಲ್ಲ.

"ಇಷ್ಟ ದೊಡ್ಡ ದೇಹ ಇಟ್ಕೊಂಡು ನಾಕ ಪೋರಗೋಳ್ನ ಸಂಭಾಳ್ಸಾಕ ಬರವಲ್ದಂದ್ರ ಏನ ಹೇಳೂದು," ಅಂದ. "ನನ್ನ ಕೈಯಾಗ ಕೊಟ್ಟ ನೋಡ್ರಿ. ಎಂಟ ದಿನದಾಗ ನೆಟ್ಟಗ ಮಾಡ್ತೀನಿ."

ಮುಂದಿನ ಮಾರ್ಚಿನಲ್ಲಿ ಕೊಟ್ಟೆವು. ಅಕ್ಕ ಮತ್ತು ಭಾವ ಪ್ರತಿ ವರ್ಷದಂತೆ ಕೊಲ್ಹಾಪುರದ ಕಡೆ ಕಬ್ಬು ಕಡಿಯಲು ಹೋಗಿದ್ದರು, ನಾಲ್ಕು ಮಕ್ಕಳನ್ನು ನಮ್ಮಲ್ಲಿ ಬಿಟ್ಟು. ಅವರನ್ನು ನೋಡಿಕೊಳ್ಳುತ್ತಿದ್ದ ಅವ್ವ ಕಣ್ಣಿನ ಆಪರೇಷನ್ನಿಗೆಂದು ಮಿರಜಕ್ಕೆ ಹೋಗಿ ಅಲ್ಲೇ ಉಳಿಯಬೇಕಾಯಿತು. ಅದೇ ಹೊತ್ತಿಗೆ ತಾಲೂಕಿನ ಊರಾದ ಜತ್ತಿನಲ್ಲಿ ನನ್ನ ಬಿ.ಎ. ಕೊನೆಯ ವರ್ಷದ ಪರೀಕ್ಷೆ. ನಮ್ಮ ಮನೆಯಲ್ಲಿ ಏಳನೇ ಇಯತ್ತೆ ದಾಟಿದವಳು ನಾನೊಬ್ಬಳೇ. ನಮ್ಮೂರು ಗಡಿಯಾಚೆ ಮಹಾರಾಷ್ಟ್ರದಲ್ಲಿದೆ; ಕನ್ನಡ ಶಾಲೆಯಿಂದ ಹೈಸ್ಕೂಲಿಗೆ ಹೋದಾಗ ಮರಾಠಿ ಮಾಧ್ಯಮಕ್ಕೆ ಬಿದ್ದೆ. ಹಲ್ಲು ಕಚ್ಚಿ ಕಲಿತೆ. ಯಾರೂ ಕಲಿಸಿಕೊಡಲಿಲ್ಲ, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಈ ಸಲ ತಪ್ಪಿದರೆ ಮತ್ತೆ ಪರೀಕ್ಷೆಗೆ ಕೂರಿಸುವುದಿಲ್ಲ, ಗಂಡು ನೋಡುತ್ತೇನೆ ಎಂದು ಅವ್ವ ಹೇಳಿ ಹೋಗಿದ್ದಳು. ಅವಳು ಸುಮ್ಮನೆ ಹೇಳುವ ಹೆಂಗಸಲ್ಲ.

ಮೊದಲ ದಿನ ಅಣ್ಣ ಮಕ್ಕಳನ್ನು ನಸುಕಿನಲ್ಲೇ ಎಬ್ಬಿಸಿ ಐವತ್ತು ಬಸ್ಕಿ, ಅವನ ಬಾಯಲ್ಲಿ ಬೈಠಕ್, ಹೊಡೆಸಿದ. ಹಾಲು ಕುಡಿಸಿ ಶಾಲೆಗೆ ಅಟ್ಟಿದ. ಎರಡನೇ ದಿನದ ಹೊತ್ತಿಗೆ ಮಕ್ಕಳಿಗೆ ಒಂದು ಸಂಗತಿ ಗೊತ್ತಾಯಿತು. ಮಾಮಾ ಹೊಡೆಯುವುದಿಲ್ಲ. ತಾಲೀಮಿಗೆ ಸೇರುವಾಗ ವಸ್ತಾದರು, ಅಂದರೆ ಕುಸ್ತಿ ಕಲಿಸುವ ಗುರುಗಳು, ಪ್ರತಿಯೊಬ್ಬನ ಕೈಗೆ ಹಿಡಿ ಮಣ್ಣು ಕೊಟ್ಟು ಆಣೆ ಮಾಡಿಸುತ್ತಿದ್ದರು: ಕಣದ ಹೊರಗೆ ಯಾರ ಮೇಲೂ ಕೈ ಎತ್ತುವುದಿಲ್ಲ. ಅಣ್ಣ ಅದನ್ನು ಮುರಿದವನಲ್ಲ. ಹನ್ನೊಂದು ವರ್ಷದ ಹಿರಿಯ ಹುಡುಗಿ ಇದನ್ನು ಎಲ್ಲಿಂದಲೋ ಕೇಳಿಕೊಂಡು ಬಂದು ಮೂವರು ತಮ್ಮಂದಿರಿಗೆ ಹೇಳಿದಳು.

ಅಲ್ಲಿಂದ ಮುಂದೆ ಸಿನಿಮಾದಲ್ಲಿ ಕಂಡದ್ದೆಲ್ಲ ನಮ್ಮ ಮನೆಯಲ್ಲಿ ನಡೆಯಿತು. ಬಾಗಿಲಿಗೆ ದಾರ ಕಟ್ಟಿದರು. ಬೂಟು ಸಿಗದ್ದಕ್ಕೆ ಅವನ ಕೊಲ್ಹಾಪುರಿ ಚಪ್ಪಲಿಗೆ ಬೆಲ್ಲದ ನೀರು ಬಳಿದರು, ಇರುವೆ ಮುತ್ತಿದವು.

"ಹೊಡಿ ನೋಡೂಣು ಮಾಮಾ," ನಡುವಿನ ಹುಡುಗ ಅನ್ನುತ್ತಿದ್ದ.

"ಹೊಡ್ಯಂಗಿಲ್ಲೋ. ಸುಮ್ನ ಕುಂದ್ರು."

"ಹೊಡ್ಯಂಗಿಲ್ಲಂದ್ರ ನಾ ಯಾಕ ಕುಂದರ್ಲಿ?"

ಕೊನೆಯದು ಇತಿಹಾಸದ ಪೇಪರು. ಆ ಬೆಳಿಗ್ಗೆ ಫೈಲು ತೆಗೆದರೆ ಹಾಲ್ ಟಿಕೆಟ್ ಇಲ್ಲ. ಹಾಸಿಗೆ ಕೊಡವಿದೆ, ಟ್ರಂಕು ಬೋರಲು ಹಾಕಿದೆ. ಮಕ್ಕಳು ಸಾಲಾಗಿ ಕೂತು ನೋಡುತ್ತಿದ್ದರು.

"ನಮಗ ಗೊತ್ತೈತಿ ಎಲ್ಲಿ ಐತಂತ," ಅಂದಳು ಹಿರಿಯವಳು. ನಾನು ಅವರಿಗೆ ಮೌಶಿ, ಚಿಕ್ಕಮ್ಮ. "ಮೌಶಿ ಹೋದ್ಲಂದ್ರ ಮಾಮಾ ಬೈಠಕ್ ಹೊಡಸ್ತಾನ. ಅದಕ ಇಟ್ಟೀವಿ."

"ಹೊಡಸಂಗಿಲ್ಲ ತಗೋ. ಕೊಡವ್ವಾ," ಅಂದ ಅಣ್ಣ.

"ನೀ ದಿನಾ ಹಂಗ ಅಂತಿ."

"ಮತ್ತೇನ ಬೇಕ ನಿಮಗ?"

ಅವರು ತಲೆ ಕೂಡಿಸಿ ಮಾತಾಡಿಕೊಂಡರು. ಕಿರಿಯವನು ಹೇಳಿದ, "ಮಾಮಾ ಚಿತ್ ಆಗ್ಬೇಕು."

"ಒಳಗಲ್ಲ," ಹಿರಿಯವಳು ಸೇರಿಸಿದಳು. "ಹೊರಗ, ಕಟ್ಟಿ ಮುಂದ."

ಮನೆಯ ಎದುರಿನ ಕಟ್ಟೆಯಲ್ಲಿ ಆ ಹೊತ್ತಿಗೆ ಏಳೆಂಟು ಜನ ಬೇವಿನ ಕಡ್ಡಿ ಹಿಡಿದು ಕೂತಿರುತ್ತಿದ್ದರು. ವಸ್ತಾದರೂ ಇದ್ದರು. ಅಣ್ಣ ನನ್ನ ಕಡೆ ನೋಡಿದ.

"ಬಸ್ ಎಷ್ಟಕ್ಕ?"

"ಏಳೂವರಿಗೆ."

"ಈಗ?"

"ಏಳಾಗಿ ಹತ್ತು ನಿಮಿಷ."

ಅವನು ಹೊರಗೆ ಹೋಗಿ ಬಗ್ಗಿ ಚಿಟಿಕೆ ಮಣ್ಣು ತೆಗೆದ. ಕಣದಲ್ಲಿ ಮಾಡುವ ಹಾಗೆಯೇ ನಾಲ್ವರ ತಲೆಗೂ ಮುಟ್ಟಿಸಿದ. ಮಕ್ಕಳು ಕಾಲಿಗೆ ಜೋತುಬಿದ್ದರು. ಸ್ವಲ್ಪ ಹೊತ್ತು ಅವನು ಅಲ್ಲಾಡಲಿಲ್ಲ; ಅದು ಮೈಗೆ ಹತ್ತಿದ ರೂಢಿ ಇರಬೇಕು. ಆಮೇಲೆ ಹಿಂದಕ್ಕೆ ಬಿದ್ದ. ಹುಡುಗಿ ಬಗ್ಗಿ ಆ ಕಡೆ ಈ ಕಡೆ ನೋಡಿ, "ಎರಡೂ ಭುಜ ತಾಗ್ಯಾವ," ಅಂದಳು. ಒಳಗೆ ಹೋಗಿ ಜೋಳದ ಹಿಟ್ಟಿನ ಡಬ್ಬಿಗೆ ಮೊಣಕೈವರೆಗೆ ಕೈ ಹಾಕಿ ಹಾಲ್ ಟಿಕೆಟ್ ತಂದುಕೊಟ್ಟಳು.

ನಾನು ಓಡಿದೆ. ತಿಕೋಂಡಿ ಕಡೆಯಿಂದ ಬಂದ ಜತ್ತಿನ ಬಸ್ಸು ಹೊರಡುವುದರಲ್ಲಿತ್ತು. ಅವನು ನೆಲದಿಂದ ಎದ್ದನೋ ಇಲ್ಲವೋ, ತಿರುಗಿ ನೋಡಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಕರು ಹಾಲ್ ಟಿಕೆಟ್ಟನ್ನು ಎರಡು ಸಲ ಕೊಡವಿ, ಬೆರಳು ಮೂಸಿ, ಸಹಿ ಹಾಕಿದರು. ಮೂರು ತಾಸು ಬರೆದೆ. ಸಂಜೆ ಮನೆಗೆ ಬಂದಾಗ ಬಾಗಿಲ ದಾರಕ್ಕೆ ನಾನೇ ಎಡವಿದೆ. ಸಿನಿಮಾದಲ್ಲಾದರೆ ಕೊನೆಗೆ ಮಕ್ಕಳು ಆ ದಾಂಡಿಗನನ್ನು ತಬ್ಬಿಕೊಂಡು ಅಳುತ್ತಾರೆ.

ಊರವರು ಅಣ್ಣನನ್ನು ಬಿಡಲಿಲ್ಲ. "ಪೈಲ್ವಾನ್ರ, ಐದ ವರ್ಷದ ಹುಡುಗನ ಕೂಡ ಮತ್ತ ಯಾವಾಗ ಕುಸ್ತಿ?" ಎಂದು ಕೇಳುವರು. ವಸ್ತಾದರು ಮಾತ್ರ ಏನೂ ಕೇಳಲಿಲ್ಲ, ಅವನ ಜೊತೆ ಮಾತನ್ನೇ ಬಿಟ್ಟರು. ತಾಲೀಮಿನಲ್ಲಿ ಬೇರೆಯವರ ಮೂಲಕ ಹೇಳಿ ಕಳಿಸುತ್ತಿದ್ದರು.

ಮಳೆಗಾಲದ ಹೊತ್ತಿಗೆ ಪರೀಕ್ಷೆಯ ನಿಕಾಲ ಬಂತು. ಸೆಕೆಂಡ್ ಕ್ಲಾಸಿನಲ್ಲಿ ಪಾಸಾಗಿದ್ದೆ. ಅವ್ವ ಅಂಕಪಟ್ಟಿಯನ್ನು ಹೊಸ ಕನ್ನಡಕದ ಹತ್ತಿರ ಹಿಡಿದು ತಿರುಗಿಸಿ ಮುರುಗಿಸಿ ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಗಂಡಿನ ಮಾತು ಎತ್ತಲಿಲ್ಲ.

ಅಣ್ಣ ಜತ್ತಿನಿಂದ ಪೇಢೆ ತಂದ. ಹಂಚುವುದನ್ನು ಕಟ್ಟೆಯಿಂದಲೇ ಶುರು ಮಾಡಿದ. ವಸ್ತಾದರು ಡಬ್ಬಿ ನೋಡಿದರು, ಅವನ ಮುಖ ನೋಡಿದರು. ನಾಲ್ಕು ತಿಂಗಳಿಗೆ ಮೊದಲ ಸಲ ನೇರ ಮಾತಾಡಿದರು.

"ಅವತ್ತ ನೀ ಆಡಿದ್ದು ನೂರಾ ಕುಸ್ತಿ ಅಲ್ಲೇನೋ?"

ಮೊದಲೇ ಒಪ್ಪಂದವಾಗಿ ಬೇಕಂತಲೇ ಸೋಲುವುದಕ್ಕೆ ನಮ್ಮ ಕಡೆ ನೂರಾ ಕುಸ್ತಿ ಅನ್ನುತ್ತಾರೆ. ಪೈಲ್ವಾನನಿಗೆ ಅದಕ್ಕಿಂತ ಕೀಳು ಮಾತಿಲ್ಲ.

"ಹೌದ್ರಿ ವಸ್ತಾದ್ರ," ಅಂದ ಅಣ್ಣ. "ನೂರಾನ ಆಡಿದ್ನಿ. ತಂಗಿ ಬಿ.ಎ. ಆದ್ಲು, ಪೇಢೆ ತಗೋರಿ."

ವಸ್ತಾದರು ಒಂದು ತೆಗೆದುಕೊಂಡರು. ಅದು ಮುಗಿದ ಮೇಲೆ ಇನ್ನೊಂದಕ್ಕೆ ಕೈ ಚಾಚಿದರು.