ಸ್ವಿಚ್ ಆಫ್ ಮಾಡಿದರೂ ಶಾಕ್

ಕೇಳಿ ಸ್ನೇಹಿತರೇ, ನಾನೇ ಜೋಡಿಸಿದ ಆಂಪ್ಲಿಫೈಯರಿನ ಪವರ್ ಸ್ವಿಚ್ ಆಫ್ ಮಾಡಿ ಒಳಗೆ ಕೈಯಿಟ್ಟರೂ ಇವತ್ತು ಶಾಕ್ ಹೊಡೆಯಿತು. ಸ್ವಿಚ್ಚಿನ ವೈರಿಂಗ್ ತಪ್ಪಿರಬೇಕೆಂದು ಬೆಳಿಗ್ಗೆಯೆಲ್ಲ ಬಿಚ್ಚಿ ಬಿಚ್ಚಿ ಬೆಸುಗೆ ಹಾಕಿದೆ. ಕೊನೆಗೆ ಗೋಡೆಯ ಸಾಕೆಟ್ಟಿಗೆ ಟೆಸ್ಟರ್ ಇಟ್ಟರೆ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲು! ನನ್ನ ಸ್ವಿಚ್ ಬರೀ ನ್ಯೂಟ್ರಲ್ ತಂತಿಯನ್ನು ಕಡಿಯುತ್ತಿತ್ತು, ಫೇಸ್ ತಂತಿಯ ಕರೆಂಟು ಒಳಗೇ ಇರುತ್ತಿತ್ತು.

ಯಲಹಂಕದ ನಮ್ಮ ಬಾಡಿಗೆ ಮನೆಯ ಓನರ್ ಕೆಳಗಡೆಯೇ ಇದ್ದಾರೆ. ಕರೆದು ತೋರಿಸಿದೆ.

“ಫ್ಯಾನು, ಫ್ರಿಜ್ಜು ಎಲ್ಲಾ ಓಡ್ತಾ ಐತಲ್ಲ ಸಾರ್. ಕರೆಂಟ್ ಯಾವ್ ತೂತಲ್ಲಿ ಬಂದ್ರೇನು?” ಎಂದರು.

“ಸತ್ತೇ ಹೋಗ್ತಿದ್ದೆ ಕಣ್ರೀ!”

“ಮನೇಲಿ ಇಂಗೆಲ್ಲ ಬಿಚ್ಕೊಂಡು ಯಾಕ್ ಕೂತ್ಕೋತೀರಾ?”

ಮೈಯೆಲ್ಲ ಉರಿದುಹೋಯಿತು. ನಿಮ್ಮ ಮನೆಯಲ್ಲೂ ಇದೇ ವೈರಿಂಗಾ ಎಂದು ಕೇಳಿದೆ.

“ಇಲ್ಲ ಸಾರ್, ನಮ್ಮನೆಗೆ ಒಳ್ಳೆ ಎಲೆಕ್ಟ್ರಿಷಿಯನ್ನೇ ಕರ್ಸಿದ್ದು.”